ಗಾಜಿನ ಕಿಸೆ: ದತ್ತಿನಿಧಿಗಳ ಲೆಕ್ಕ ಬಹಿರಂಗಕ್ಕೆ ಬಂದ ಚರಿತ್ರೆ

1915ನೆಯ ಇಸವಿಯ ಜನವರಿ ತಿಂಗಳಲ್ಲಿ ಅಮೆರಿಕ ಸರ್ಕಾರ ನೇಮಿಸಿದ್ದ ಕೈಗಾರಿಕಾ ಸಂಬಂಧಗಳ ಆಯೋಗವು ನ್ಯೂಯಾರ್ಕ್ ನಗರಸಭಾ ಭವನದಲ್ಲಿ ಸಾಕ್ಷ್ಯ ಕೇಳಲು ಕುಳಿತಿತು. ಮಿಸ್ಸೂರಿ ಪ್ರಾಂತದ ವಕೀಲ ಫ್ರಾಂಕ್ ವಾಲ್ಷ್ ಅದರ ಅಧ್ಯಕ್ಷರು. ಸಾಕ್ಷಿಗಳಾಗಿ ಬಂದವರಲ್ಲಿ ಎಣ್ಣೆಯ ವ್ಯಾಪಾರದಿಂದ ಅಪಾರ ಸಂಪತ್ತು ಗಳಿಸಿದ್ದ ರಾಕ್‌ಫೆಲರ್ ಮನೆತನದ ಮಗನಿದ್ದರು. ಮುಂದಿನ ತಿಂಗಳು ತಂದೆಯವರೂ ಬಂದರು, ಉಕ್ಕಿನ ಒಡೆಯ ಆಂಡ್ರ್ಯೂ ಕಾರ್ನೆಗಿಯವರೂ ಬಂದರು. ಅವರ ಗಳಿಕೆಯ ಮೇಲೆ ಜನಕ್ಕೆ ದೂರುಗಳು ಮೊದಲಿನಿಂದಲೂ ಇದ್ದವು. ಈ ಸಲ ಆಯೋಗವು ಮುಖ್ಯವಾಗಿ ಕೇಳಿದ ಪ್ರಶ್ನೆ ಬೇರೆಯದು. ಅವರು ಕೊಟ್ಟ ದಾನದ ಲೆಕ್ಕವನ್ನು ಅದು ವಿಚಾರಿಸಿತು.

ದಾನ ಮಾಡಿದವನನ್ನು ಕರೆಸಿ, ಏತಕ್ಕೆ ಮಾಡಿದೆ, ಹೇಗೆ ಮಾಡಿದೆ ಎಂದು ಪ್ರಶ್ನಿಸುವುದು ಮೇಲ್ನೋಟಕ್ಕೆ ವಿಚಿತ್ರವಾಗಿ ಕಾಣುತ್ತದೆ. ಆದರೆ ಅದರ ಹಿಂದೆ ಒಂದು ಘೋರ ಪ್ರಸಂಗವಿದ್ದಿತು. ರಾಕ್‌ಫೆಲರ್ ಮನೆತನದ ಹಿಡಿತದಲ್ಲಿದ್ದ ಕೊಲೊರಾಡೊ ಪ್ರಾಂತದ ಕಲ್ಲಿದ್ದಲು ಕಂಪನಿಯಲ್ಲಿ ಮುಷ್ಕರ ನಡೆದು, 1914ರ ಏಪ್ರಿಲ್ 20ರಂದು ಲಡ್ಲೋ ಎಂಬಲ್ಲಿ ಮುಷ್ಕರನಿರತ ಗಣಿ ಕೆಲಸಗಾರರ ಡೇರೆಗಳ ಮೇಲೆ ಸಶಸ್ತ್ರ ಪಡೆ ಎರಗಿತು. ಡೇರೆಗಳಿಗೆ ಬೆಂಕಿ ಬಿದ್ದಿತು. ಸತ್ತವರಲ್ಲಿ ಹೆಂಗಸರಿದ್ದರು, 11 ಮಂದಿ ಮಕ್ಕಳಿದ್ದರು. ಇದರ ತರುವಾಯ ಅದೇ ವರ್ಷ ರಾಕ್‌ಫೆಲರ್ ಪ್ರತಿಷ್ಠಾನವು ಬಂಡವಾಳಗಾರ ಮತ್ತು ಕಾರ್ಮಿಕರ ಸಂಬಂಧವನ್ನು ಅಭ್ಯಸಿಸಲೆಂದು ಮೆಕೆಂಜಿ ಕಿಂಗ್ ಎಂಬವರನ್ನು ನೇಮಿಸಿಕೊಂಡಿತು. ಇವರು ಮುಂದೆ ಕೆನಡಾ ದೇಶದ ಪ್ರಧಾನಿಯಾದರು. ಪ್ರತಿಷ್ಠಾನದ ಹಣ ಲೋಕಹಿತಕ್ಕೆಂದು ಮೀಸಲಿಟ್ಟದ್ದು. ಅದೀಗ ಲೋಕಹಿತಕ್ಕೆ ವೆಚ್ಚವಾಗುತ್ತಿದೆಯೋ, ಮನೆತನದ ಕಂಪನಿಗೆ ಬಂದ ಕೆಟ್ಟ ಹೆಸರನ್ನು ತೊಳೆಯುವುದಕ್ಕೆ ವೆಚ್ಚವಾಗುತ್ತಿದೆಯೋ? ವಾಲ್ಷ್ ಆಯೋಗದ ಪ್ರಶ್ನೆಯ ತಿರುಳು ಇದು. ಉತ್ತರ ಎರಡು ಬಗೆಯಾಗಿಯೂ ಇರಬಹುದಾಗಿತ್ತು. ಹೊರಗಿನವನು ಅದನ್ನು ತಾನಾಗಿ ಪರಿಶೀಲಿಸಿ ತಿಳಿಯುವ ಉಪಾಯವಿರಲಿಲ್ಲ ಎಂಬುದೇ ತೊಡಕಾಗಿತ್ತು.

ಈ ಪ್ರತಿಷ್ಠಾನಗಳು ಆಗಿನ್ನೂ ಹೊಸವು. ಕಾರ್ನೆಗಿ ಕಾರ್ಪೊರೇಷನ್ ಸ್ಥಾಪನೆಯಾದದ್ದು 1911ರಲ್ಲಿ. ರಾಕ್‌ಫೆಲರರು 1910ರಲ್ಲಿಯೇ ತಮ್ಮ ಪ್ರತಿಷ್ಠಾನಕ್ಕೆ ರಾಷ್ಟ್ರದ ಸಂಸತ್ತಿನಿಂದ ಸನ್ನದು ಕೋರಿದ್ದರು. ಅಷ್ಟು ದೊಡ್ಡ ಧನರಾಶಿಯು ಚಿರಕಾಲ ಕೆಲವರ ಕೈಯಲ್ಲಿರುವುದನ್ನು ಸಂಸತ್ತು ಒಪ್ಪಲಿಲ್ಲ. ಕಡೆಗೆ 1913ರಲ್ಲಿ ನ್ಯೂಯಾರ್ಕ್ ಪ್ರಾಂತದ ಶಾಸನಸಭೆಯಿಂದ ಸನ್ನದು ದೊರೆಯಿತು. ಒಂದೆರಡು ವರ್ಷದೊಳಗೆ ಈ ನಿಧಿಗೆ ಸೇರಿದ ಮೊತ್ತ 10 ಕೋಟಿ ಡಾಲರು. ಅಂದಿನ ದಿನಗಳಲ್ಲಿ ಇದು ಒಂದು ಸಣ್ಣ ಸರ್ಕಾರದ ಬೊಕ್ಕಸಕ್ಕೆ ಸಮನಾದ ಹಣ. ಆಯೋಗದ ವರದಿಯು ಪ್ರತಿಷ್ಠಾನಗಳ ಗಾತ್ರಕ್ಕೆ ಮಿತಿ ಇರಬೇಕೆಂದೂ, ಅವುಗಳ ಹೂಡಿಕೆ ಮತ್ತು ವೆಚ್ಚಗಳೆರಡನ್ನೂ ಸರ್ಕಾರ ಪರಿಶೀಲಿಸಬೇಕೆಂದೂ, ಲೆಕ್ಕವು ಪೂರ್ಣವಾಗಿ ಪ್ರಕಟವಾಗಬೇಕೆಂದೂ ಶಿಫಾರಸು ಮಾಡಿತು. ವರದಿ ಅಚ್ಚಾಯಿತು, ಕಪಾಟು ಸೇರಿತು. ಕಾಯಿದೆಯೇನೂ ಆಗಲಿಲ್ಲ.

ಆದರೂ ಆ ಎರಡು ತಿಂಗಳ ವಿಚಾರಣೆ ವ್ಯರ್ಥವಾಯಿತೆಂದು ಹೇಳಲಾಗದು. ರಾಕ್‌ಫೆಲರ್ ಪ್ರತಿಷ್ಠಾನವು ಆರಂಭದ ವರ್ಷಗಳಿಂದಲೇ ವಾರ್ಷಿಕ ವರದಿಯನ್ನು ಅಚ್ಚು ಹಾಕಿಸುವ ಪದ್ಧತಿ ಇಟ್ಟುಕೊಂಡಿತು. ಯಾವ ದೇಶದಲ್ಲಿ ಯಾವ ಕಾರ್ಯ ನಡೆಯಿತು, ಎಷ್ಟು ಸಂದಿತು ಎಂಬ ವಿವರ ಅದರಲ್ಲಿ ಬರುತ್ತಿತ್ತು. ಇದರಿಂದಾದ ಉಪಕಾರವನ್ನು ಕನ್ನಡ ನಾಡಿನ ಉದಾಹರಣೆಯಿಂದಲೇ ತಿಳಿಯಬಹುದು. 1920ರ ದಶಕದ ಕೊನೆಯ ಭಾಗದಿಂದ ಈ ಪ್ರತಿಷ್ಠಾನವು ಮೈಸೂರು ಸಂಸ್ಥಾನದ ಸರ್ಕಾರದೊಡನೆ ಸೇರಿ ಮಲೇರಿಯಾ ನಿಯಂತ್ರಣ ಮತ್ತು ಗ್ರಾಮಾರೋಗ್ಯದ ಕೆಲಸ ನಡೆಸಿತು. ಸರ್ ಮಿರ್ಜಾ ಇಸ್ಮಾಯಿಲರ ದಿವಾನಗಿರಿಯ ಕಾಲವದು. 1936ರಲ್ಲಿ ಕ್ಲೋಸ್‌ಪೇಟೆಯಲ್ಲಿ, ಎಂದರೆ ಈಗಿನ ರಾಮನಗರದಲ್ಲಿ, ಅದರ ನೆರವಿನಿಂದ ಆರೋಗ್ಯ ಕೇಂದ್ರ ತೆರೆಯಿತು. ಸಂಸ್ಥಾನದ ಕಡತಗಳು ಏನೇ ಆಗಿರಲಿ, ಕೊಟ್ಟವರ ಕಡೆಯ ವರದಿಗಳು ಮುದ್ರಿತವಾಗಿ ಉಳಿದಿರುವುದರಿಂದ ಇಂದಿಗೂ ಒಬ್ಬ ಅಭ್ಯಾಸಿಯು ಆ ಕಾರ್ಯದ ಜಾಡನ್ನು ಹಿಡಿಯಬಲ್ಲನು. ಪಡೆದವರ ಊರಿನ ಚರಿತ್ರೆ ಕೊಟ್ಟವರ ಪುಸ್ತಕದಲ್ಲಿ ಉಳಿದುಕೊಂಡಿತು. ಲೆಕ್ಕ ಪ್ರಕಟಿಸುವವರು ಸಾಮಾನ್ಯವಾಗಿ ಎಣಿಸದೆ ಇರುವ ಫಲ ಇದು.

ಹೀಗೆ ವರದಿ ಅಚ್ಚು ಮಾಡಿದವರು ಬೆರಳೆಣಿಕೆಯ ದೊಡ್ಡವರು ಮಾತ್ರ. ಉಳಿದ ಸಾವಿರಾರು ಕುಟುಂಬ ನಿಧಿಗಳು ಕದ ಮುಚ್ಚಿಕೊಂಡೇ ಇದ್ದವು. 1943ರ ಕಾಯಿದೆಯಿಂದ ತೆರಿಗೆ ವಿನಾಯಿತಿ ಪಡೆದ ಅನೇಕ ಸಂಸ್ಥೆಗಳು ತೆರಿಗೆ ಇಲಾಖೆಗೆ ವಾರ್ಷಿಕ ವಿವರಣಪತ್ರ ಒಪ್ಪಿಸಬೇಕಾಯಿತು. 1950ರ ಕಾಯಿದೆಯಿಂದ ಅದರ ಒಂದು ಭಾಗವನ್ನು ಸಾರ್ವಜನಿಕರು ನೋಡಬಹುದೆಂದಾಯಿತು. ನೋಡಬೇಕಾದರೆ ತೆರಿಗೆ ಕಚೇರಿಗೇ ಹೋಗಬೇಕು, ಅರ್ಜಿ ಕೊಡಬೇಕು, ಕಾಯಬೇಕು. ಕಾನೂನಿನ ಕಣ್ಣಿಗೆ ಅದು ಬಹಿರಂಗ ಕಾಗದ. ವ್ಯವಹಾರದಲ್ಲಿ ಅದು ಬೀಗದೊಳಗಿನ ಕಾಗದ.

1952ರಲ್ಲಿ ಇನ್ನೊಂದು ವಿಚಾರಣೆ ಬಂದಿತು. ಜಾರ್ಜಿಯಾ ಪ್ರಾಂತದ ಸದಸ್ಯ ಯೂಜಿನ್ ಕಾಕ್ಸ್‌ರ ನೇತೃತ್ವದಲ್ಲಿ ಅಮೆರಿಕದ ಪ್ರತಿನಿಧಿ ಸಭೆಯು ಸಮಿತಿಯೊಂದನ್ನು ರಚಿಸಿತು. ಪ್ರತಿಷ್ಠಾನಗಳ ಹಣ ಕಮ್ಯುನಿಸ್ಟರ ಕೈ ಸೇರುತ್ತಿದೆ ಎಂಬ ಸಂಶಯ ಇದಕ್ಕೆ ಕಾರಣ. ಆ ಸಂಶಯದಲ್ಲಿ ಹುರುಳಿಗಿಂತ ಕಾಲದ ಜ್ವರವೇ ಹೆಚ್ಚಾಗಿತ್ತು. ಸಮಿತಿಯ ಅಂತಿಮ ವರದಿಯೂ ಪ್ರತಿಷ್ಠಾನಗಳನ್ನು ಬಹುಮಟ್ಟಿಗೆ ದೋಷಮುಕ್ತಗೊಳಿಸಿ, ಅವು ಲೆಕ್ಕವನ್ನು ಜನರ ಮುಂದಿಡಬೇಕೆಂದು ಹೇಳಿತು. ಎರಡು ವರ್ಷಗಳ ತರುವಾಯ ಟೆನೆಸಿ ಪ್ರಾಂತದ ಕ್ಯಾರಲ್ ರೀಸರ ಸಮಿತಿ ಮತ್ತೆ ಇದೇ ಆರೋಪಗಳನ್ನು ಹೆಚ್ಚು ಕಟುವಾಗಿ ಎತ್ತಿತು. ಈ ಗದ್ದಲದಲ್ಲಿ ಉಳಿದು ಬಂದದ್ದು ಒಂದು ನುಡಿ. ಕಾರ್ನೆಗಿ ಕಾರ್ಪೊರೇಷನ್ನಿನ ಧರ್ಮದರ್ಶಿಮಂಡಲಿಯ ಅಧ್ಯಕ್ಷರಾಗಿದ್ದ ರಸೆಲ್ ಲೆಫಿಂಗ್‌ವೆಲ್ ಎಂಬವರು, ಪ್ರತಿಷ್ಠಾನಕ್ಕೆ ಗಾಜಿನ ಕಿಸೆಗಳಿರಬೇಕು ಎಂದು ಕಾಕ್ಸ್ ಸಮಿತಿಯ ಮುಂದೆ ಹೇಳಿದರು. ಲೆಫಿಂಗ್‌ವೆಲ್ ಸುಧಾರಕರೇನೂ ಅಲ್ಲ, ಜೆ. ಪಿ. ಮಾರ್ಗನ್ ಬ್ಯಾಂಕಿನ ಮುಖ್ಯಸ್ಥರಾಗಿದ್ದವರು. ಸಾಲ ಕೊಡುವವನು ಸಾಲಗಾರನ ಪುಸ್ತಕ ನೋಡದೆ ಕೊಡುವುದಿಲ್ಲ ಎಂಬುದನ್ನು ಬ್ಯಾಂಕಿನವರಿಗೆ ಬೇರೆ ಯಾರೂ ಕಲಿಸಬೇಕಾಗಿಲ್ಲ. ಜನರು ನಂಬಬೇಕಾದರೆ ತೋರಿಸಬೇಕು ಎಂಬುದು ಅವರಿಗೆ ಕಸುಬಿನಿಂದಲೇ ತಿಳಿದಿತ್ತು.

ಆ ನುಡಿ ನುಡಿಯಾಗಿಯೇ ಉಳಿಯಲಿಲ್ಲ. 1956ರಲ್ಲಿ ಕಾರ್ನೆಗಿ ಕಾರ್ಪೊರೇಷನ್ನಿನ ಧನಸಹಾಯದಿಂದ ನ್ಯೂಯಾರ್ಕಿನಲ್ಲಿ ಪ್ರತಿಷ್ಠಾನಗಳ ಗ್ರಂಥಾಲಯ ಕೇಂದ್ರವೊಂದು ಆರಂಭವಾಯಿತು. ಎಮರ್ಸನ್ ಆಂಡ್ರೂಸ್ ಅದರ ಮೊದಲ ನಿರ್ದೇಶಕರು. ತೆರಿಗೆ ಕಚೇರಿಯ ಕಾಗದಗಳನ್ನೂ ವಾರ್ಷಿಕ ವರದಿಗಳನ್ನೂ ಕಲೆಹಾಕಿ, ಯಾರು ಬೇಕಾದರೂ ಬಂದು ಓದುವಂತೆ ಮಾಡುವುದು ಕೇಂದ್ರದ ಕೆಲಸ. 1960ರಲ್ಲಿ ಪ್ರಕಟವಾದ ಮೊದಲ ಸೂಚಿಗ್ರಂಥದಲ್ಲಿ ಐದು ಸಾವಿರಕ್ಕೂ ಮಿಕ್ಕ ಪ್ರತಿಷ್ಠಾನಗಳ ವಿವರಗಳಿದ್ದವು. ಶಾಲೆಗೋ ಆಸ್ಪತ್ರೆಗೋ ನೆರವು ಬೇಡುವ ಸಾಮಾನ್ಯ ಮನುಷ್ಯನಿಗೆ, ದೊಡ್ಡವರ ಪರಿಚಯವಿಲ್ಲದೆಯೇ, ಯಾರಲ್ಲಿ ಕೇಳಬೇಕು ಎಂಬುದು ಆಗ ಮೊದಲ ಬಾರಿಗೆ ತಿಳಿಯಿತು. ಇದನ್ನು ಹಗುರವಾಗಿ ಎಣಿಸಬಾರದು. ಲೆಕ್ಕ ಮುಚ್ಚಿರುವ ಕಡೆ ಶಿಫಾರಸಿಗೆ ಬೆಲೆ ಹೆಚ್ಚು; ದಾನವು ಅರ್ಹನನ್ನು ಬಿಟ್ಟು ಪರಿಚಿತನನ್ನು ಹುಡುಕಿಕೊಂಡು ಹೋಗುತ್ತದೆ.

ಇಷ್ಟಾದರೂ ಬಲವಂತವಿಲ್ಲದೆ ತೋರಿಸುವವರು ಕಡಮೆಯೇ. ಟೆಕ್ಸಸ್ ಪ್ರಾಂತದ ಸದಸ್ಯ ರೈಟ್ ಪ್ಯಾಟ್‌ಮನ್ 1961ರಿಂದ ಸುಮಾರು ಒಂದು ದಶಕ ಪ್ರತಿಷ್ಠಾನಗಳ ಬೆನ್ನು ಹತ್ತಿದರು. ಮಾತಿನಲ್ಲಿ ಒರಟು, ಆಪಾದನೆಯಲ್ಲಿ ದುಡುಕು. ಆದರೆ ಕಾಗದಗಳನ್ನು ಅವರು ಓದುತ್ತಿದ್ದರು. ಅವರೂ, 1965ರಲ್ಲಿ ವರದಿಯಿತ್ತ ಅಮೆರಿಕದ ಖಜಾನೆ ಇಲಾಖೆಯೂ ಎತ್ತಿ ತೋರಿಸಿದ ದೋಷಗಳು ಯಾವ ವರ್ತಕನಿಗೂ ಅರ್ಥವಾಗುವಂಥವು. ಮನೆತನದ ಕಂಪನಿಯ ಷೇರುಗಳನ್ನು ಪ್ರತಿಷ್ಠಾನದ ಹೆಸರಿಗೆ ಬರೆದು ತೆರಿಗೆಯಿಂದ ಪಾರಾಗುವುದು, ಕಂಪನಿಯ ಹಿಡಿತವನ್ನು ಮಾತ್ರ ಬಿಡದಿರುವುದು. ದಾನವಾಗಿ ಕೊಟ್ಟ ಹಣವನ್ನು ಕಡಮೆ ಬಡ್ಡಿಗೆ ಸಾಲವಾಗಿ ಹಿಂದಕ್ಕೆ ಪಡೆಯುವುದು. ದಾನಿಯ ಆಸ್ತಿಯನ್ನು ಪ್ರತಿಷ್ಠಾನಕ್ಕೆ ಹೆಚ್ಚು ಬೆಲೆಗೆ ಮಾರುವುದು. ಒಂದು ಕೈಯಿಂದ ಜಮಾ, ಇನ್ನೊಂದು ಕೈಯಿಂದ ಖರ್ಚು. ಎರಡೂ ಕೈ ಒಬ್ಬನವೇ. ದೇವದ್ರವ್ಯವನ್ನು ಮನೆಯ ಖರ್ಚಿಗೆ ಮುಟ್ಟಬಾರದೆಂಬ ಕಟ್ಟು ನಮ್ಮ ಬಸದಿಗಳಲ್ಲಿ ಏಕೆ ಅಷ್ಟು ಬಿಗಿಯಾಗಿದೆ ಎಂಬುದು ಇಂಥ ಪಟ್ಟಿಯನ್ನು ಓದಿದಾಗ ತಿಳಿಯುತ್ತದೆ.

1964ರ ಒಂದು ವಿಚಾರಣೆಯಲ್ಲಿ ಪ್ಯಾಟ್‌ಮನ್ ಮತ್ತೊಂದು ಸಂಗತಿಯನ್ನು ಹೊರಗೆಡಹಿದರು. ನ್ಯೂಯಾರ್ಕಿನ ಒಂದು ದತ್ತಿನಿಧಿಯನ್ನು ಅಮೆರಿಕದ ಗುಪ್ತಚರ ಸಂಸ್ಥೆಯಾದ ಸಿಐಎ ತನ್ನ ಹಣ ಸಾಗಿಸುವ ಕಾಲುವೆಯಾಗಿ ಬಳಸಿಕೊಂಡಿತ್ತು. 1967ರಲ್ಲಿ ಪತ್ರಿಕೆಗಳು ಈ ಎಳೆಯನ್ನು ಹಿಡಿದು ಎಳೆದಾಗ ವಿದ್ಯಾರ್ಥಿ ಸಂಘಗಳವರೆಗೂ ಈ ಹಣ ಹರಿದಿದ್ದುದು ಬಯಲಾಯಿತು. ಪಡೆದವರಲ್ಲಿ ಬಹುಮಂದಿಗೆ ಅದು ಯಾರ ಹಣವೆಂಬುದೇ ತಿಳಿದಿರಲಿಲ್ಲ. ಕೊಡುವವನ ಲೆಕ್ಕ ಕತ್ತಲೆಯಲ್ಲಿದ್ದರೆ ಕಳಂಕ ತಗಲುವುದು ಕೊಟ್ಟವನಿಗೆ ಮಾತ್ರವಲ್ಲ. ಏನೂ ಅರಿಯದೆ ಕೈಯೊಡ್ಡಿದವನಿಗೂ ತಗಲುತ್ತದೆ.

ಇವೆಲ್ಲದರ ಫಲವಾಗಿ ಬಂದದ್ದು 1969ರ ತೆರಿಗೆ ಸುಧಾರಣಾ ಕಾಯಿದೆ. ದಾನಿಗೂ ಪ್ರತಿಷ್ಠಾನಕ್ಕೂ ನಡುವೆ ಕೊಡುಕೊಳ್ಳುವ ವ್ಯವಹಾರವನ್ನು ಅದು ನಿಷೇಧಿಸಿತು. ವರ್ಷಕ್ಕೆ ಇಂತಿಷ್ಟು ಪಾಲನ್ನು ಧರ್ಮಕಾರ್ಯಕ್ಕೆ ವಿನಿಯೋಗಿಸಲೇಬೇಕೆಂದು ವಿಧಿಸಿತು. ಆ ಪಾಲು ಮುಂದೆ ನೂರಕ್ಕೆ ಐದರಂತೆ ನಿಂತಿತು. ಹೂಡಿಕೆಯ ನಿವ್ವಳ ಆದಾಯದ ಮೇಲೆ ನೂರಕ್ಕೆ ನಾಲ್ಕರ ತೆರಿಗೆ ಹಾಕಿತು. ಇದು ಕ್ರಮೇಣ ಇಳಿದು 2020ರ ಹೊತ್ತಿಗೆ 1.39ಕ್ಕೆ ಬಂದಿದೆ. ಇವೆಲ್ಲಕ್ಕಿಂತ ಇಲ್ಲಿ ಮುಖ್ಯವಾದದ್ದು ವಾರ್ಷಿಕ ವಿವರಣಪತ್ರದ ವಿಷಯ. ಇಂದು 990-ಪಿಎಫ್ ಎಂಬ ಸಂಖ್ಯೆಯಿಂದ ಹೆಸರಾಗಿರುವ ಆ ನಮೂನೆಯಲ್ಲಿ ಪ್ರತಿಷ್ಠಾನವು ಕೊಟ್ಟ ಪ್ರತಿಯೊಂದು ಅನುದಾನವನ್ನೂ ಬರೆಯಬೇಕು: ಪಡೆದವರ ಹೆಸರು, ವಿಳಾಸ, ಉದ್ದೇಶ, ಮೊತ್ತ. ಇವುಗಳ ನಡುವೆ ಮತ್ತೊಂದು ಅಂಕಣ ಉಂಟು. ಪಡೆದವನು ವ್ಯಕ್ತಿಯಾಗಿದ್ದ ಪಕ್ಷದಲ್ಲಿ ಪ್ರತಿಷ್ಠಾನದ ಆಡಳಿತಗಾರರಿಗೋ ಮುಖ್ಯ ದಾನಿಗಳಿಗೋ ಅವನು ಏನಾಗಬೇಕು ಎಂದು ಅಲ್ಲಿ ನಮೂದಿಸಬೇಕು. ದೊಡ್ಡ ಭಾಷಣಗಳಿಂದ ಆಗದ ಕೆಲಸವನ್ನು ಇಂಥ ಸಣ್ಣ ಅಂಕಣ ಮಾಡುತ್ತದೆ. ಸೋದರಳಿಯನಿಗೆ ವಿದ್ಯಾರ್ಥಿವೇತನ ಕೊಡಬಾರದೆಂದು ಅದು ಉಪದೇಶಿಸುವುದಿಲ್ಲ. ಸೋದರಳಿಯ ಎಂದು ಬರೆ ಎನ್ನುತ್ತದೆ, ಅಷ್ಟೆ.

ಕಾಯಿದೆಯಿಂದ ಕಾಗದ ಹುಟ್ಟಿತು. ಆದರೆ ಕಾಗದವು ಓದುಗನ ಕೈ ಸೇರುವ ಕಥೆ ಬೇರೆಯಾಗಿಯೇ ನಡೆಯಿತು. ತೆರಿಗೆ ಇಲಾಖೆಯು ಈ ಪತ್ರಗಳನ್ನು ಸಣ್ಣ ಫಿಲ್ಮಿನ ತುಂಡುಗಳಲ್ಲಿ ಚಿತ್ರಿಸಿ, ರಟ್ಟಿನ ಕಾರ್ಡುಗಳಿಗೆ ಅಂಟಿಸಿ ಗ್ರಂಥಾಲಯ ಕೇಂದ್ರಕ್ಕೆ ಕಳುಹಿಸುತ್ತಿತ್ತು. ಓದುಗರು ಯಂತ್ರದ ಮುಂದೆ ಕುಳಿತು ಒಂದೊಂದಾಗಿ ನೋಡಬೇಕು. ಗಣಕಯಂತ್ರಗಳು ಬಂದ ಮೇಲೂ ಸ್ಥಿತಿ ಬಹಳ ಸುಧಾರಿಸಲಿಲ್ಲ. ದೊಡ್ಡ ಸಂಸ್ಥೆಗಳು ವಿವರಣಪತ್ರವನ್ನು ಗಣಕಯಂತ್ರದ ಮೂಲಕವೇ ಸಲ್ಲಿಸುತ್ತಿದ್ದವು, ಅಂದರೆ ಅಂಕಿಗಳು ಅಂಕಿಗಳಾಗಿಯೇ ಇಲಾಖೆಗೆ ತಲುಪುತ್ತಿದ್ದವು. ಸಾರ್ವಜನಿಕರು ಕೇಳಿದಾಗ ಇಲಾಖೆಯು ಅವನ್ನು ಮತ್ತೆ ಕಾಗದದ ಚಿತ್ರವಾಗಿ ಮಾರ್ಪಡಿಸಿ ಕೊಡುತ್ತಿತ್ತು. ಚಿತ್ರದಲ್ಲಿರುವ ಅಂಕಿಯನ್ನು ಕಣ್ಣು ಓದಬಲ್ಲುದು. ಯಂತ್ರವು ಕೂಡಲಾರದು, ಹೋಲಿಸಲಾರದು. ಕಾರ್ಲ್ ಮಲಮೂದ್ ಎಂಬವರು 2013ರಲ್ಲಿ ಒಂಬತ್ತು ಸಂಸ್ಥೆಗಳ ವಿವರಣಪತ್ರಗಳನ್ನು ಮೂಲರೂಪದಲ್ಲಿಯೇ ಕೊಡಬೇಕೆಂದು ನ್ಯಾಯಾಲಯಕ್ಕೆ ಹೋದರು. 2015ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ನ್ಯಾಯಾಧೀಶ ವಿಲಿಯಂ ಆರಿಕ್ ಅವರ ಪರವಾಗಿ ತೀರ್ಪಿತ್ತರು. 2016ರ ಜೂನ್ ತಿಂಗಳಿನಿಂದ ಇಲಾಖೆಯು ಅಂಥ ವಿವರಣಪತ್ರಗಳನ್ನೆಲ್ಲ ಯಂತ್ರ ಓದುವ ರೂಪದಲ್ಲಿಯೇ ಬಿಡುಗಡೆ ಮಾಡತೊಡಗಿತು. ಒಂಬತ್ತು ಕಾಗದಗಳಿಗೆಂದು ಹೂಡಿದ ದಾವೆಯಿಂದ ಲಕ್ಷಗಟ್ಟಲೆ ಕಾಗದಗಳು ಹೊರಬಂದವು.

ಅಮೆರಿಕದಲ್ಲಿ ಎಲ್ಲವೂ ಸಂಶಯದಿಂದಲೂ ಕಾಯಿದೆಯಿಂದಲೂ ಆಯಿತು. ಇಂಗ್ಲೆಂಡಿನಲ್ಲಿಯೂ ಮೊದಲ ಭಾಗ ಹಾಗೆಯೇ. ದತ್ತಿಗಳ ದುರುಪಯೋಗವನ್ನು ವಿಚಾರಿಸಲು ರಾಣಿ ಎಲಿಜಬೆತ್ತಳ ಕಾಲದ 1601ರ ಶಾಸನವೇ ಅಲ್ಲಿ ಆಯುಕ್ತರನ್ನು ನೇಮಿಸುವ ಏರ್ಪಾಡು ಮಾಡಿತ್ತು. 1818ರಲ್ಲಿ ಹೆನ್ರಿ ಬ್ರೂಮ್‌ರ ಒತ್ತಾಯದಿಂದ ಆರಂಭವಾದ ವಿಚಾರಣೆ 1837ರವರೆಗೆ ನಡೆದು ಸುಮಾರು 29,000 ದತ್ತಿಗಳನ್ನು ಪರಿಶೀಲಿಸಿತು. ಹುಡುಗರಿಲ್ಲದ ಶಾಲೆಗಳೂ, ಪಾಠ ಹೇಳದೆ ಸಂಬಳ ತೆಗೆದುಕೊಳ್ಳುವ ಉಪಾಧ್ಯಾಯರೂ ಅದಕ್ಕೆ ಕಾಣಿಸಿದರು. 1853ರಲ್ಲಿ ದತ್ತಿ ಆಯೋಗ ಸ್ಥಾಪನೆಯಾಯಿತು; 1960ರ ಕಾಯಿದೆಯಿಂದ ದತ್ತಿಗಳ ಸಾರ್ವಜನಿಕ ದಾಖಲಾ ಪುಸ್ತಕ ಸಿದ್ಧವಾಯಿತು. ಆದರೆ ಆ ದಾಖಲೆಯಲ್ಲಿ ಒಂದು ದತ್ತಿಯ ಒಟ್ಟು ಆಯವ್ಯಯವನ್ನು ನೋಡುವುದು ಸುಲಭ. ಬೇರೆ ಬೇರೆ ದತ್ತಿಗಳು ಯಾರಿಗೆ, ಯಾವ ಊರಿಗೆ, ಯಾವ ಕೆಲಸಕ್ಕೆ ಕೊಟ್ಟವು ಎಂಬುದನ್ನು ಒಟ್ಟುಗೂಡಿಸಿ ನೋಡುವುದು ಕಷ್ಟವಾಗಿಯೇ ಉಳಿಯಿತು.

ಈ ಕೊರತೆಯನ್ನು ತುಂಬಲು ಮುಂದಾದವರು ಸರ್ಕಾರದವರಲ್ಲ, ಒಬ್ಬ ದಾನಿ. 1869ರಲ್ಲಿ ಲಂಡನ್ನಿನ ಡ್ರೂರಿ ಲೇನ್ ಬೀದಿಯಲ್ಲಿ ಹಾಲು ಬೆಣ್ಣೆಯ ಅಂಗಡಿಯಿಟ್ಟು ಬೆಳೆದ ಸೇನ್ಸ್‌ಬರಿ ವರ್ತಕ ಮನೆತನದ ಹೆಸರನ್ನು ಆ ದೇಶದಲ್ಲಿ ಕೇಳದವರಿಲ್ಲ. ಅದೇ ಮನೆತನದ ಫ್ರಾನ್ ಪೆರಿನ್ ಇಂಡಿಗೊ ಟ್ರಸ್ಟ್ ಎಂಬ ದತ್ತಿಯನ್ನು ನಡೆಸುತ್ತಿದ್ದರು. ಒಂದು ಕಾರ್ಯಕ್ಕೆ ಹಣ ಕೊಡುವ ಮೊದಲು, ಇದೇ ಕಾರ್ಯಕ್ಕೆ ಬೇರೆ ಯಾರು ಕೊಡುತ್ತಿದ್ದಾರೆ, ಎಷ್ಟು ಕೊಡುತ್ತಿದ್ದಾರೆ ಎಂದು ತಿಳಿಯಬಯಸಿದರೆ ಅದು ಸುಲಭವಾಗಿ ತಿಳಿಯುವಂತಿರಲಿಲ್ಲ. ವ್ಯಾಪಾರಕ್ಕೆ ಇಳಿಯುವವನು ಪೇಟೆಯ ಧಾರಣೆ ವಿಚಾರಿಸದೆ ಇಳಿಯುತ್ತಾನೆಯೇ? ದಾನಕ್ಕೆ ಇಳಿಯುವವರು ಮಾತ್ರ ಕಣ್ಣು ಕಟ್ಟಿಕೊಂಡು ಇಳಿಯಬೇಕಾಗಿತ್ತು. ಪೆರಿನ್ ಆರಂಭಿಸಿದ ಪ್ರಯತ್ನವು 360ಗಿವಿಂಗ್ ಎಂಬ ಹೆಸರಿನಿಂದ 2015ರಲ್ಲಿ ಸಂಸ್ಥೆಯ ರೂಪ ತಾಳಿತು. ಅನುದಾನ ಕೊಡುವವರೆಲ್ಲ ತಮ್ಮ ವಿವರಗಳನ್ನು ಒಂದೇ ಮಾದರಿಯಲ್ಲಿ ಬರೆದು, ಯಾರು ಬೇಕಾದರೂ ಬಳಸುವಂತೆ ಪ್ರಕಟಿಸಬೇಕೆಂಬುದು ಅದರ ಕೋರಿಕೆ. ಆಜ್ಞೆಯಲ್ಲ, ಕೋರಿಕೆ.

ಮಾದರಿಯಲ್ಲಿ ಕಡ್ಡಾಯವಾದ ಅಂಕಣಗಳು ಹತ್ತೇ. ಅನುದಾನದ ಗುರುತು ಸಂಖ್ಯೆ, ಶೀರ್ಷಿಕೆ, ವಿವರಣೆ, ನಾಣ್ಯ, ಮಂಜೂರಾದ ಮೊತ್ತ, ಮಂಜೂರಾದ ದಿನಾಂಕ, ಪಡೆದ ಸಂಸ್ಥೆಯ ಗುರುತು ಸಂಖ್ಯೆ ಮತ್ತು ಹೆಸರು, ಕೊಟ್ಟ ಸಂಸ್ಥೆಯ ಗುರುತು ಸಂಖ್ಯೆ ಮತ್ತು ಹೆಸರು. ಒಬ್ಬ ಗುಮಾಸ್ತನು ತಿಂಗಳಿಗೊಮ್ಮೆ ಕುಳಿತು ತುಂಬಬಹುದಾದ ಪಟ್ಟಿ. ಇದರಲ್ಲಿ ಸಾಮಾನ್ಯರ ಗಮನಕ್ಕೆ ಬಾರದ, ಆದರೆ ಎಲ್ಲಕ್ಕಿಂತ ಬೆಲೆಯುಳ್ಳ ಅಂಶವೆಂದರೆ ಗುರುತು ಸಂಖ್ಯೆ. ಕಿರ್ದಿ ಬರೆದು ಅಭ್ಯಾಸವಿರುವವರಿಗೆ ಇದರ ಮಹತ್ತ್ವ ಒಡನೆಯೇ ಹೊಳೆಯುತ್ತದೆ. ಒಬ್ಬನೇ ಗಿರಾಕಿಯ ಹೆಸರನ್ನು ಒಂದು ದಿನ ಪೂರ್ಣವಾಗಿ, ಇನ್ನೊಂದು ದಿನ ಮೊದಲಕ್ಷರಗಳಿಂದ, ಮತ್ತೊಂದು ದಿನ ಊರಿನ ಹೆಸರಿನಿಂದ ಬರೆದಿದ್ದರೆ, ವರ್ಷಾಂತ್ಯದಲ್ಲಿ ಖಾತೆಗೆ ಏರಿಸುವಾಗ ಅವನು ಮೂವರಾಗಿ ಬಿಡುತ್ತಾನೆ. ದತ್ತಿಗಳ ಪಟ್ಟಿಗಳಲ್ಲಿಯೂ ಇದೇ ಆಗುತ್ತಿತ್ತು. ದತ್ತಿ ಆಯೋಗದ ನೋಂದಣಿ ಸಂಖ್ಯೆಯನ್ನೇ ಗುರುತಾಗಿ ಬರೆದ ಮೇಲೆ, ಐದು ಕಡೆಗಳಿಂದ ಪಡೆದ ಒಂದು ಸಂಸ್ಥೆ ಒಂದಾಗಿಯೇ ಕಾಣುತ್ತದೆ. ಹೆಸರು ಬದಲಾಯಿಸಿದರೂ ಸಂಖ್ಯೆ ಬದಲಾಗುವುದಿಲ್ಲ.

2016ರಲ್ಲಿ ಈ ಎಲ್ಲ ಪಟ್ಟಿಗಳನ್ನು ಒಟ್ಟಾಗಿ ಹುಡುಕಬಲ್ಲ ಗ್ರಾಂಟ್‌ನ್ಯಾವ್ ಎಂಬ ಸಾಧನವನ್ನು ಸಾರ್ವಜನಿಕರಿಗೆ ತೆರೆಯಲಾಯಿತು. ಇಂದು 200ಕ್ಕೂ ಹೆಚ್ಚು ದಾತೃ ಸಂಸ್ಥೆಗಳು ಅದರಲ್ಲಿ ತಮ್ಮ ವಿವರಗಳನ್ನು ಇಟ್ಟಿವೆ; ಲಾಟರಿ ಹಣವನ್ನು ಸಮಾಜ ಕಾರ್ಯಕ್ಕೆ ಹಂಚುವ ಬಹು ದೊಡ್ಡ ನಿಧಿಯೂ ಇದೆ, ವರ್ಷಕ್ಕೆ ನಾಲ್ಕಾರು ಅನುದಾನ ಕೊಡುವ ಸಣ್ಣವೂ ಇವೆ. 2020ರಲ್ಲಿ ಕೋವಿಡ್ ವ್ಯಾಧಿ ಹಬ್ಬಿದಾಗ ಇದರ ಪ್ರಯೋಜನ ಪ್ರತ್ಯಕ್ಷವಾಯಿತು. ಆಹಾರ, ಔಷಧ, ಒಂಟಿ ವೃದ್ಧರ ಆರೈಕೆ ಎಂದು ನೂರು ಕಡೆಯಿಂದ ಹಣ ಬಿಡುಗಡೆಯಾಗುತ್ತಿದ್ದ ಹೊತ್ತು. ಯಾರು ಎಲ್ಲಿಗೆ ಕೊಟ್ಟರು ಎಂಬುದನ್ನು ಒಂದೆಡೆ ತೋರಿಸುವ ಪಟ್ಟಿಯನ್ನು ಸಂಸ್ಥೆಯು ಆ ವರ್ಷವೇ ಸಿದ್ಧಪಡಿಸಿತು. ವರದಿ ಅಚ್ಚಾಗಿ ಬರುವ ಮುಂದಿನ ವರ್ಷಕ್ಕಾಗಿ ಕಾಯುವ ವ್ಯವಧಾನ ಹಸಿದವನಿಗೆ ಇರುವುದಿಲ್ಲ.

ಈಗ ಆಕ್ಷೇಪಗಳ ಕಡೆಗೆ ನೋಡಬೇಕು, ಏಕೆಂದರೆ ಅವು ಪೊಳ್ಳಲ್ಲ. ಲೆಕ್ಕ ತೆರೆದಿಟ್ಟರೆ ಬೇಡುವವರು ಮುತ್ತಿಗೆ ಹಾಕುತ್ತಾರೆ ಎಂಬುದು ಒಂದು. ಇದು ನಿಜವಾಗಬಹುದು, ಆದರೆ ಯಾವ ಬಗೆಯ ಕಾರ್ಯಕ್ಕೆ ಕೊಡುವುದಿಲ್ಲ ಎಂಬುದೂ ಪಟ್ಟಿಯಿಂದ ಗೊತ್ತಾಗುವುದರಿಂದ ವ್ಯರ್ಥ ಅರ್ಜಿಗಳು ಕಡಮೆಯಾಗುವ ಸಂಭವವೂ ಅಷ್ಟೇ ಇದೆ. ಎರಡನೆಯದು ಇನ್ನೂ ಗಂಭೀರ. ಗಂಡನ ಹಿಂಸೆ ತಾಳಲಾರದೆ ಓಡಿಬಂದ ಹೆಂಗಸರಿಗೆ ಆಶ್ರಯ ಕೊಡುವ ಮನೆಯ ವಿಳಾಸವನ್ನು ಪ್ರಕಟಿಸಿದರೆ ಆ ಲೆಕ್ಕವೇ ಹಿಂಸೆಗೆ ದಾರಿಯಾಗುತ್ತದೆ. ಬಡ ವಿದ್ಯಾರ್ಥಿಯ ಹೆಸರು ದಾನದ ಪಟ್ಟಿಯಲ್ಲಿ ಶಾಶ್ವತವಾಗಿ ನಿಂತರೆ ಅವನ ಮಾನಕ್ಕೆ ಕುಂದು. 360ಗಿವಿಂಗ್‌ನ ಪದ್ಧತಿಯಲ್ಲಿ ವ್ಯಕ್ತಿಗಳಿಗೆ ಕೊಟ್ಟ ಸಹಾಯವನ್ನು ಹೆಸರಿಲ್ಲದೆ ಬರೆಯುವ ಏರ್ಪಾಡಿದೆ. ಅಮೆರಿಕದ ನಮೂನೆ ಹೆಸರನ್ನೇ ಕೇಳುತ್ತದೆ. ಸ್ವಜನ ಪಕ್ಷಪಾತವನ್ನು ಹಿಡಿಯಲು ಒಂದು ಸಮಾಜ ಹೆಸರು ಬೇಕೆನ್ನುತ್ತದೆ, ದೀನನ ಮಾನ ಉಳಿಸಲು ಇನ್ನೊಂದು ಹೆಸರು ಬೇಡವೆನ್ನುತ್ತದೆ. ಎರಡರಲ್ಲಿ ಇಂಗ್ಲೆಂಡಿನ ರೀತಿಯೇ ಮೇಲೆಂದು ತೋರುತ್ತದೆ. ಸೋದರಳಿಯನನ್ನು ಹಿಡಿಯಲು ಸಂಬಂಧದ ಅಂಕಣವೊಂದಿದ್ದರೆ ಸಾಕು, ಹುಡುಗನ ಹೆಸರು ಬೇಕಿಲ್ಲ.

ಮೂರನೆಯ ಆಕ್ಷೇಪ ನಮ್ಮ ಮನೆಗಳಲ್ಲಿ ಬಹಳ ಕೇಳಿಬರುವಂಥದು: ದಾನ ಗುಪ್ತವಾಗಿರಬೇಕಲ್ಲವೆ? ಗುಪ್ತದಾನವನ್ನು ಹಿರಿಯರು ಮೆಚ್ಚಿದ್ದಾರೆ, ಅದಕ್ಕೆ ಕಾರಣವೂ ಸ್ಪಷ್ಟ. ಕೊಟ್ಟವನ ಅಹಂಕಾರ ಅದರಿಂದ ಬೆಳೆಯುವುದಿಲ್ಲ. ಆದರೆ ಗುಪ್ತದಾನವು ತನ್ನ ಹಣವನ್ನು ಕೊಡುವವನ ವ್ರತ. ಧರ್ಮದರ್ಶಿಯು ಕೊಡುವುದು ತನ್ನ ಹಣವನ್ನಲ್ಲ. ಹುಂಡಿಗೆ ಬಿದ್ದ ಕ್ಷಣದಲ್ಲಿ ಅದು ದಾನಿಯ ಸ್ವತ್ತಾಗಿಯೂ ಉಳಿಯಲಿಲ್ಲ, ಧರ್ಮದರ್ಶಿಯ ಸ್ವತ್ತಾಗಿಯೂ ಆಗಲಿಲ್ಲ. ದಾನಿ ತನ್ನ ಹೆಸರನ್ನು ಮರೆಮಾಡಿದರೆ ಅದು ವಿನಯ. ಧರ್ಮದರ್ಶಿ ವೆಚ್ಚವನ್ನು ಮರೆಮಾಡಿದರೆ ಅದಕ್ಕೆ ಆ ಹೆಸರು ಸಲ್ಲದು. ಗುಪ್ತದಾನವೆಂಬ ಒಳ್ಳೆಯ ಮಾತು ಎಷ್ಟೋ ಕಡೆ ಎರಡನೆಯದಕ್ಕೆ ಹೊದಿಕೆಯಾಗಿ ಬಳಕೆಯಾಗುತ್ತಿದೆ.

ಹಳೆಯ ಕಾಲದವರು ಈ ಭೇದವನ್ನು ಅರಿತಿದ್ದರು. ಶ್ರವಣಬೆಳಗೊಳದಲ್ಲಿರುವ, ವಿಜಯನಗರದ ಒಂದನೆಯ ಬುಕ್ಕರಾಯನ 1368ರ ಶಾಸನವನ್ನು ಜೈನರಿಗೂ ಶ್ರೀವೈಷ್ಣವರಿಗೂ ನಡುವಿನ ವಿವಾದವನ್ನು ಬಗೆಹರಿಸಿದ ಶಾಸನವೆಂದು ಎಲ್ಲರೂ ಸ್ಮರಿಸುತ್ತಾರೆ. ಅದರ ಉತ್ತರಾರ್ಧ ಒಂದು ವಿನಿಯೋಗಪತ್ರ. ಜೈನರ ಮನೆಮನೆಯಿಂದ ವರ್ಷಕ್ಕೆ ಒಂದೊಂದು ಹಣ ಎತ್ತುವುದು, ಅದರಿಂದ ಬೆಳಗೊಳದ ದೇವರ ಕಾವಲಿಗೆ 20 ಮಂದಿ ಆಳುಗಳನ್ನು ಇಡುವುದು, ಮಿಕ್ಕ ಹಣದಿಂದ ಜೀರ್ಣ ಜಿನಾಲಯಗಳಿಗೆ ಸುಣ್ಣ ಮತ್ತು ದುರಸ್ತಿ ಮಾಡಿಸುವುದು. ಇದನ್ನು ನಡೆಸುವ ಹೊಣೆ ತಿರುಮಲೆಯ ತಾತಯ್ಯನದು. ಎತ್ತುವವರು ಯಾರಿಂದ, ಎಷ್ಟು, ಏತಕ್ಕೆ, ಯಾರ ಹೊಣೆ ಎಂಬ ನಾಲ್ಕೂ ಅಂಕಣಗಳು ದಾರಿಹೋಕನ ಕಣ್ಣಿಗೆ ಬೀಳುವಂತೆ ಕಲ್ಲಿನ ಮೇಲಿವೆ.

ತನ್ನ ಸ್ವಂತ ಹಣವನ್ನು ಕೊಡುವವರ ವಿಷಯದಲ್ಲಿ ಪ್ರಶ್ನೆ ಅಷ್ಟು ಸುಲಭವಲ್ಲ ಎಂಬುದಕ್ಕೆ ಮೆಕೆಂಜಿ ಸ್ಕಾಟ್‌ರ ನಿದರ್ಶನವಿದೆ. ಅಮೆಜಾನ್ ಕಂಪನಿಯ ಷೇರುಗಳಿಂದ ಬಂದ ಸಂಪತ್ತನ್ನು ಇವರು 2020ರಿಂದ ಅತಿ ವೇಗವಾಗಿ ದಾನ ಮಾಡತೊಡಗಿದರು. ಪ್ರತಿಷ್ಠಾನ ಸ್ಥಾಪಿಸಿ ಅದರ ಮೂಲಕ ಕೊಡಲಿಲ್ಲವಾದ್ದರಿಂದ ಅನುದಾನಗಳ ಪಟ್ಟಿ ಒಪ್ಪಿಸುವ ವಿಧಿ ಅವರಿಗಿರಲಿಲ್ಲ. 2021ರ ಡಿಸೆಂಬರಿನಲ್ಲಿ, ಮೊತ್ತಗಳನ್ನೂ ಪಡೆದವರ ಹೆಸರುಗಳನ್ನೂ ಈ ಬಾರಿ ಹೇಳುವುದಿಲ್ಲವೆಂದು ಬರೆದರು. ಜನರ ಗಮನ ದಾನಿಯ ಮೇಲಿಂದ ಸರಿಯಲಿ ಎಂಬ ಭಾವ. ಉದ್ದೇಶ ಒಳ್ಳೆಯದೇ. ಟೀಕೆಗಳು ಬಂದವು, ಅಷ್ಟು ದೊಡ್ಡ ಹಣ ಸಮಾಜದ ದಿಕ್ಕನ್ನೇ ತಿರುಗಿಸಬಲ್ಲುದೆಂಬ ಕಾರಣದಿಂದ. ಅವರು ಮೊಂಡು ಹಿಡಿಯಲಿಲ್ಲ. ಒಂದು ವರ್ಷದ ತರುವಾಯ, 2022ರ ಡಿಸೆಂಬರಿನಲ್ಲಿ, ಸಾವಿರದ ಆರುನೂರರಷ್ಟು ದಾನಗಳ ಪಟ್ಟಿಯನ್ನು ಬಹಿರಂಗವಾಗಿ ಇಟ್ಟರು. ಒಟ್ಟು ಮೊತ್ತ 1,400 ಕೋಟಿ ಡಾಲರುಗಳ ಸುಮಾರಿನದು. ಕೆಲವು ಸಾಲುಗಳಲ್ಲಿ ಮೊತ್ತದ ಜಾಗದಲ್ಲಿ ಅಂಕಿ ಇರಲಿಲ್ಲ. ಪಡೆದವರ ಹಿತಕ್ಕಾಗಿ ಪ್ರಕಟಣೆಯನ್ನು ಮುಂದೂಡಿದೆ ಎಂಬ ಟಿಪ್ಪಣಿ ಇತ್ತು. ಅಡಗಿಸಿದ್ದನ್ನು ಅಡಗಿಸಿದೆ ಎಂದು ಕಾರಣ ಸಹಿತ ಬರೆಯುವುದು ಪ್ರಾಮಾಣಿಕ ಲೆಕ್ಕದ ಒಂದು ಭಾಗವೇ.

ತೆರೆದ ಕದವನ್ನು ಬಳಸಿಹೋಗುವ ಹಿತ್ತಿಲ ಬಾಗಿಲೂ ಅಲ್ಲಿ ಉಂಟು. ದಾನಿಯು ತನ್ನ ಹಣವನ್ನು ಒಂದು ದೊಡ್ಡ ದತ್ತಿಯಲ್ಲಿ ಖಾತೆಯಾಗಿ ಇಟ್ಟು, ತೆರಿಗೆಯ ರಿಯಾಯಿತಿಯನ್ನು ಆ ದಿನವೇ ಪಡೆದು, ಯಾರಿಗೆ ಕೊಡಬೇಕೆಂದು ಮುಂದೆ ಯಾವಾಗಲೋ ಸಲಹೆ ಮಾಡುವ ಪದ್ಧತಿ 1990ರ ದಶಕದಿಂದ ಬಹಳ ಬೆಳೆದಿದೆ. ಆ ದೊಡ್ಡ ದತ್ತಿಯು ತಾನು ಯಾರಿಗೆ ಕೊಟ್ಟೆನೆಂದು ಪಟ್ಟಿ ಒಪ್ಪಿಸುತ್ತದೆ. ಯಾರ ಖಾತೆಯಿಂದ ಹೋಯಿತೆಂದು ತಿಳಿಸುವ ಅಗತ್ಯವಿಲ್ಲ. 1969ರ ಕಾಯಿದೆ ಕಷ್ಟಪಟ್ಟು ಜೋಡಿಸಿದ ಎಳೆ ಇಲ್ಲಿ ನಡುವೆಯೇ ಕಡಿದುಹೋಗುತ್ತದೆ. ತೆರಿಗೆಯ ರಿಯಾಯಿತಿ ಎಂದರೆ ನೆರೆಹೊರೆಯವರೆಲ್ಲ ಸೇರಿ ಆ ದಾನಕ್ಕೆ ತೆತ್ತ ಪಾಲು. ಇದನ್ನು ಸರಿಪಡಿಸಬೇಕೋ ಬೇಡವೋ ಎಂಬ ಚರ್ಚೆ ಆ ದೇಶದಲ್ಲಿ ಇನ್ನೂ ನಡೆದಿದೆ.

1956ರಲ್ಲಿ ಆರಂಭವಾದ ಗ್ರಂಥಾಲಯ ಕೇಂದ್ರವು 2019ರಲ್ಲಿ ಗೈಡ್‌ಸ್ಟಾರ್ ಎಂಬ ಮತ್ತೊಂದು ಸಂಸ್ಥೆಯೊಡನೆ ಕೂಡಿ ಕ್ಯಾಂಡಿಡ್ ಎಂಬ ಹೊಸ ಹೆಸರು ಪಡೆದಿದೆ. ಫಿಲ್ಮು ಅಂಟಿಸಿದ ರಟ್ಟಿನ ಕಾರ್ಡುಗಳು ಈಗ ಬೇಕಾಗಿಲ್ಲ. ಯಾವುದೋ ಊರಿನ ಒಂದು ಕುಟುಂಬ ಪ್ರತಿಷ್ಠಾನದ ವಿವರಣಪತ್ರವನ್ನು ಇಂದು ಯಾರು ಬೇಕಾದರೂ ತಮ್ಮ ಮನೆಯಲ್ಲಿಯೇ ಕುಳಿತು ತೆರೆಯಬಹುದು. ಕೊನೆಯ ಪುಟಗಳಿಗೆ ಹೋದರೆ ಅನುದಾನಗಳ ಪಟ್ಟಿ ಸಿಗುತ್ತದೆ: ಒಂದು ಶಾಲೆ, ಒಂದು ಆಸ್ಪತ್ರೆ, ಒಂದು ಗ್ರಂಥಾಲಯ, ಎದುರಿಗೆ ಮೊತ್ತ. ನಡುವಿನ ಅಂಕಣದಲ್ಲಿ, ಸಂಬಂಧವೇನು ಎಂಬ ಪ್ರಶ್ನೆಯ ಕೆಳಗೆ, ಸಾಲು ಸಾಲಾಗಿ ಒಂದೇ ಪದ ಬರೆದಿರುತ್ತದೆ: ಇಲ್ಲ, ಇಲ್ಲ, ಇಲ್ಲ.